ಮನೆ ಸರ್ವರ್‌ಗೆ ಯುಪಿಎಸ್ ನಿಗಾ: ಪದೇ ಪದೇ ಕೇಳುವ ಪ್ರಶ್ನೆಗಳು

ಕರೆಂಟ್ ಹೋದಾಗ ಸರ್ವರ್ ತಾನೇ ಸರಿಯಾಗಿ ಶಟ್‌ಡೌನ್ ಆಗಬೇಕು, ಬಂದಾಗ ತಾನೇ ಆನ್ ಆಗಬೇಕು. ಲಿನಕ್ಸ್ ಸರ್ವರ್ ಮತ್ತು ಯುಎಸ್‌ಬಿ ಪೋರ್ಟ್ ಇರುವ ಯುಪಿಎಸ್ ಇಟ್ಟುಕೊಂಡು ಇದನ್ನು ಹೇಗೆ ಮಾಡುವುದು ಎನ್ನುವುದಷ್ಟೇ ಇಲ್ಲಿನ ವಿಷಯ. ಬಳಸುವ ಸಾಫ್ಟ್‌ವೇರ್ ನಟ್, ಅಂದರೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್. ಫೈಲ್ ಹೆಸರು, ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ; ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಯುಪಿಎಸ್ ಹೇಗೂ ಇದೆಯಲ್ಲ, ನಿಗಾ ಯಾಕೆ ಬೇಕು?

ನಿಗಾ ಇಲ್ಲದ ಯುಪಿಎಸ್ ಕರೆಂಟ್ ಹೋಗುವುದನ್ನು ಅರ್ಧ ಗಂಟೆ ಮುಂದಕ್ಕೆ ಹಾಕುತ್ತದೆ, ಅಷ್ಟೆ. ಬ್ಯಾಟರಿ ಬರಿದಾದ ಕ್ಷಣ ಸರ್ವರ್‌ಗೆ ಆಗುವುದು ಅದೇ ಹಠಾತ್ ಕಡಿತ: ಡೇಟಾಬೇಸ್ ಅರ್ಧ ಬರೆದಿರುತ್ತದೆ, ರೇಡ್ ಅರೇ (ಒಂದಾಗಿ ಕೆಲಸ ಮಾಡುವ ಡಿಸ್ಕ್‌ಗಳ ಗುಂಪು) ಮತ್ತೆ ಮೊದಲಿಂದ ಸಿಂಕ್ ಆಗಲು ಕೂರುತ್ತದೆ. ನಾಲ್ಕು ನಿಮಿಷದ ಕಡಿತಗಳೇ ಹೆಚ್ಚಾಗಿ ಬರುವ ಕಡೆ ಇದು ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಉದ್ದದ ಕಡಿತ ಒಂದು ರಾತ್ರಿ ಬಂದಾಗ ಗೊತ್ತಾಗುತ್ತದೆ.

ಎಷ್ಟು ವಿಎ ಯುಪಿಎಸ್ ಬೇಕು? ಎಷ್ಟು ಹೊತ್ತು ಬರುತ್ತದೆ?

ಡಬ್ಬದ ಮೇಲಿನ ವಿಎ ಸಂಖ್ಯೆ ನೋಡಬೇಡಿ, ವಾಟ್ ಸಂಖ್ಯೆ ನೋಡಿ. ಸಣ್ಣ ಯುಪಿಎಸ್‌ಗಳಲ್ಲಿ ಪವರ್ ಫ್ಯಾಕ್ಟರ್ (ವಿಎಯಲ್ಲಿ ವಾಟ್ ಎಷ್ಟು ಎಂಬ ಅನುಪಾತ) ಸಾಮಾನ್ಯವಾಗಿ 0.6ರ ಆಸುಪಾಸು ಇರುತ್ತದೆ. 600 ವಿಎ ಎಂದರೆ 360 ವಾಟ್. ಸರ್ವರ್ ನಿಜವಾಗಿ ಎಷ್ಟು ಎಳೆಯುತ್ತದೆ ಎಂದು ಪ್ಲಗ್‌ಗೆ ಹಾಕುವ ವಾಟ್ ಮೀಟರ್‌ನಲ್ಲಿ ಅಳೆಯಿರಿ. ಪವರ್ ಸಪ್ಲೈ ಮೇಲೆ ಬರೆದಿರುವ 500 ವಾಟ್ ಅದರ ಗರಿಷ್ಠ ಸಾಮರ್ಥ್ಯ, ಬಳಕೆ ಅಲ್ಲ. ಎರಡು ಮೂರು ಹಾರ್ಡ್ ಡಿಸ್ಕ್ ಇರುವ ಮನೆ ಸರ್ವರ್ ಸುಮ್ಮನಿರುವಾಗ 40ರಿಂದ 70 ವಾಟ್ ಎಳೆಯುವುದು ಮಾಮೂಲು. ಆನ್ ಆಗುವಾಗ ಡಿಸ್ಕ್‌ಗಳು ತಿರುಗಲು ಶುರುವಾದ ಕೆಲವು ಸೆಕೆಂಡು ಮಾತ್ರ ಅದಕ್ಕಿಂತ ಬಹಳ ಹೆಚ್ಚಾಗುತ್ತದೆ, ಅದಕ್ಕೆ ಜಾಗ ಬಿಡಿ.

ಸಮಯದ ಲೆಕ್ಕ ಹೀಗೆ. ಒಂದು 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಎಂದರೆ ಕಾಗದದ ಮೇಲೆ 84 ವಾಟ್-ಅವರ್. ಆದರೆ ಆ 7 ಎನ್ನುವುದು 20 ಗಂಟೆ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಅಂಕಿ. ಬೇಗ ಎಳೆದಷ್ಟೂ ಲೆಡ್-ಆಸಿಡ್ ಬ್ಯಾಟರಿ ಕಡಿಮೆ ಕೊಡುತ್ತದೆ, ಜೊತೆಗೆ ಇನ್ವರ್ಟರ್ ಸರ್ಕ್ಯೂಟ್ ತಾನೂ ತಿನ್ನುತ್ತದೆ. ಹಾಗಾಗಿ ಅರ್ಧಕ್ಕಿಂತ ಕಡಿಮೆ ಹಿಡಿಯಿರಿ: 60 ವಾಟ್ ಲೋಡ್‌ಗೆ ಹೊಸ ಬ್ಯಾಟರಿಯಲ್ಲಿ 30ರಿಂದ 40 ನಿಮಿಷ. ಎರಡು ವರ್ಷ ಹಳೆಯದಾದರೆ ಅದೂ ಇಲ್ಲ.

ನಟ್ ಹಾಕಬೇಕೋ, ಎಪಿಸಿಯುಪಿಎಸ್‌ಡಿ ಸಾಕೋ?

ಯುಪಿಎಸ್ ಎಪಿಸಿ ಕಂಪನಿಯದ್ದು, ಸರ್ವರ್ ಒಂದೇ ಎಂದಾದರೆ ಎಪಿಸಿ ಯುಪಿಎಸ್‌ಗಳಿಗೆಂದೇ ಇರುವ ನಿಗಾ ಸಾಫ್ಟ್‌ವೇರ್ ಎಪಿಸಿಯುಪಿಎಸ್‌ಡಿ ಸುಲಭ. ಒಂದೇ ಕಾನ್ಫಿಗ್ ಫೈಲ್. ಯುಪಿಎಸ್‌ಕೇಬಲ್ ಮತ್ತು ಯುಪಿಎಸ್‌ಟೈಪ್ ಎರಡಕ್ಕೂ ಯುಎಸ್‌ಬಿ ಎಂದು ಕೊಟ್ಟು, ಡಿವೈಸ್ ಸಾಲನ್ನು ಖಾಲಿ ಬಿಟ್ಟರೆ ಓಡುತ್ತದೆ. ಬ್ಯಾಟರಿ 5 ಶೇಕಡಾಕ್ಕೆ ಇಳಿದಾಗ ಅಥವಾ 3 ನಿಮಿಷ ಉಳಿದಾಗ ಶಟ್‌ಡೌನ್ ಎನ್ನುವುದು ಅದರ ಡೀಫಾಲ್ಟ್. ಇದು ತೀರಾ ಬಿಗಿ, 40 ಶೇಕಡಾ ಮತ್ತು 10 ನಿಮಿಷಕ್ಕೆ ಏರಿಸಿ. ಬೇರೆ ಕಂಪನಿಯ ಯುಪಿಎಸ್ ಆದರೆ, ಅಥವಾ ಒಂದಕ್ಕಿಂತ ಹೆಚ್ಚು ಯಂತ್ರಗಳು ಅದರ ಮೇಲಿದ್ದರೆ, ನಟ್‌ಗೇ ಹೋಗಿ. ಎರಡನ್ನೂ ಒಟ್ಟಿಗೆ ಓಡಿಸಬೇಡಿ. ಒಂದೇ ಯುಎಸ್‌ಬಿ ಸಾಧನಕ್ಕೆ ಇಬ್ಬರೂ ಕೈ ಹಾಕಿದರೆ ಇಬ್ಬರಿಗೂ ಸಿಗುವುದಿಲ್ಲ.

ಯಾವ ಕೇಬಲ್?

ಹೆಚ್ಚಿನವಕ್ಕೆ ಪ್ರಿಂಟರ್‌ಗೆ ಹಾಕುವ ಚೌಕ ತಲೆಯ ಯುಎಸ್‌ಬಿ-ಬಿ ಕೇಬಲ್ ಸಾಕು. ಎಪಿಸಿಯ ಕೆಲವು ಮಾದರಿಗಳಲ್ಲಿ ಡೇಟಾ ಪೋರ್ಟ್ ನೋಡಲು ಲ್ಯಾನ್ ಪೋರ್ಟ್‌ನಂತಿದ್ದರೂ ಅದು 10 ಪಿನ್‌ನದು. ಅದಕ್ಕೆ ಯುಪಿಎಸ್ ಜೊತೆ ಬಂದ ಕೇಬಲ್ಲೇ ಬೇಕು. ಪಕ್ಕದಲ್ಲೇ ಇರುವ ನಿಜವಾದ ಲ್ಯಾನ್ ಪೋರ್ಟ್ ಜೋಡಿ ಸರ್ಜ್ ತಡೆಗೆ ಇಟ್ಟದ್ದು, ಅದರಲ್ಲಿ ಡೇಟಾ ಬರುವುದಿಲ್ಲ. ಹಳೆಯ ಸ್ಮಾರ್ಟ್-ಯುಪಿಎಸ್‌ನ 9 ಪಿನ್ ಸೀರಿಯಲ್ ಪೋರ್ಟ್‌ಗೆ ಮಾಮೂಲಿ ಸೀರಿಯಲ್ ಕೇಬಲ್ ಚುಚ್ಚಲೇಬೇಡಿ. ಪಿನ್ ಜೋಡಣೆ ಬೇರೆ ಇರುವುದರಿಂದ ಯುಪಿಎಸ್ ಆ ಕ್ಷಣವೇ ಆಫ್ ಆಗಿಬಿಡಬಹುದು.

ನಟ್ ಸೆಟಪ್ ಮಾಡುವ ಕ್ರಮ ಏನು?

ನಟ್‌ನಲ್ಲಿ ಮೂರು ಪದರ ಇವೆ. ಡ್ರೈವರ್ ಯುಪಿಎಸ್ ಜೊತೆ ಮಾತಾಡುತ್ತದೆ. ಯುಪಿಎಸ್‌ಡಿ ಎಂಬ ಸರ್ವರ್ ಆ ಮಾಹಿತಿಯನ್ನು ಟಿಸಿಪಿ ಪೋರ್ಟ್ 3493ರಲ್ಲಿ ಹಂಚುತ್ತದೆ. ಯುಪಿಎಸ್‌ಮಾನ್ ಅದನ್ನು ಓದಿ ಶಟ್‌ಡೌನ್ ನಿರ್ಧಾರ ಮಾಡುತ್ತದೆ. ಏನಾದರೂ ಕೆಟ್ಟರೆ ಇದೇ ಕ್ರಮದಲ್ಲಿ ಕೆಳಗಿನಿಂದ ಹುಡುಕಿಕೊಂಡು ಬನ್ನಿ. ಡೆಬಿಯನ್, ಉಬುಂಟುವಿನಲ್ಲಿ ಫೈಲ್‌ಗಳು ಇಟಿಸಿ ಒಳಗಿನ ನಟ್ ಫೋಲ್ಡರ್‌ನಲ್ಲಿರುತ್ತವೆ. ಫೆಡೋರಾ ಕಡೆಯವರು ಇಟಿಸಿ ಒಳಗೆ ಯುಪಿಎಸ್ ಫೋಲ್ಡರ್ ನೋಡಿ.

1. ನಟ್ ಪ್ಯಾಕೇಜ್ ಹಾಕಿ, ರೂಟ್ ಆಗಿ ನಟ್-ಸ್ಕ್ಯಾನರ್ ಅನ್ನು ದೊಡ್ಡ ಯು ಆಯ್ಕೆಯೊಂದಿಗೆ ಓಡಿಸಿ. ಯುಪಿಎಸ್ ಸಿಕ್ಕರೆ ಯಾವ ಡ್ರೈವರ್ ಎಂದು ಅದೇ ಹೇಳುತ್ತದೆ.

2. ಅದು ಕೊಟ್ಟ ಸಾಲುಗಳನ್ನು ಯುಪಿಎಸ್ ಡಾಟ್ ಕಾನ್ಫ್‌ಗೆ ಹಾಕಿ. ಚೌಕ ಆವರಣದಲ್ಲಿ ಹೆಸರು, ಅದರ ಕೆಳಗೆ ಡ್ರೈವರ್, ಪೋರ್ಟ್‌ಗೆ ಆಟೋ. ಎಪಿಸಿ, ಸೈಬರ್‌ಪವರ್, ಈಟನ್‌ಗಳ ಬಹುತೇಕ ಮಾದರಿಗಳಿಗೆ ಯುಎಸ್‌ಬಿಹಿಡ್-ಯುಪಿಎಸ್ ಡ್ರೈವರ್. ಯುಎಸ್‌ಬಿ ಐಡಿ 0665:5161 ಎಂದು ತೋರಿಸುವ ಅಗ್ಗದ ಯುಪಿಎಸ್‌ಗಳಿಗೆ ನಟ್‌ಡಿಆರ್‌ವಿ_ಕ್ಯೂಎಕ್ಸ್. ಹೆಸರನ್ನು ಸುಮ್ಮನೆ ‘ಯುಪಿಎಸ್’ ಎಂದೇ ಇಡಿ, ಕಾರಣ ಮುಂದೆ ಬರುತ್ತದೆ.

3. ನಟ್ ಡಾಟ್ ಕಾನ್ಫ್‌ನಲ್ಲಿ ಮೋಡ್ ಎಂಬುದು ‘ನನ್’ ಎಂದಿರುತ್ತದೆ. ಒಂದೇ ಯಂತ್ರಕ್ಕೆ ಸ್ಟ್ಯಾಂಡ್‌ಅಲೋನ್, ಹಂಚುವುದಿದ್ದರೆ ನೆಟ್‌ಸರ್ವರ್. ಇದನ್ನು ಬದಲಿಸಲು ಮರೆತರೆ ಸರ್ವಿಸ್ ಯಾವ ದೂರೂ ಇಲ್ಲದೆ ಸುಮ್ಮನೆ ಶುರುವಾಗುವುದಿಲ್ಲ. ‘ಎಲ್ಲಾ ಸರಿಯಾಗಿ ಹಾಕಿದ್ದೇನೆ, ಏನೂ ನಡೆಯುತ್ತಿಲ್ಲ’ ಎನ್ನುವವರು ಮೊದಲು ಈ ಸಾಲು ನೋಡಿ.

4. ಯುಪಿಎಸ್‌ಡಿ ಡಾಟ್ ಯೂಸರ್ಸ್‌ನಲ್ಲಿ ಒಬ್ಬ ಬಳಕೆದಾರ, ಪಾಸ್‌ವರ್ಡ್, ‘ಯುಪಿಎಸ್‌ಮಾನ್ ಪ್ರೈಮರಿ’ ಎಂಬ ಸಾಲು. 2.8.0ಕ್ಕಿಂತ ಹಳೆಯ ಆವೃತ್ತಿಯಲ್ಲಿ ಪ್ರೈಮರಿ ಜಾಗದಲ್ಲಿ ಮಾಸ್ಟರ್ ಎಂದು ಬರೆಯಬೇಕು. ಅಲ್ಲಿ ಪ್ರೈಮರಿ ಎಂದರೆ ಅದಕ್ಕೆ ಅರ್ಥವಾಗುವುದಿಲ್ಲ.

5. ಯುಪಿಎಸ್‌ಮಾನ್ ಡಾಟ್ ಕಾನ್ಫ್‌ನಲ್ಲಿ ಮಾನಿಟರ್ ಸಾಲು: ಯುಪಿಎಸ್ ಹೆಸರು, ಆಟ್ ಚಿಹ್ನೆ, ಲೋಕಲ್‌ಹೋಸ್ಟ್, ನಂತರ 1, ಬಳಕೆದಾರ, ಪಾಸ್‌ವರ್ಡ್, ಪ್ರೈಮರಿ. ಆ 1 ಈ ಯುಪಿಎಸ್ ಎಷ್ಟು ಪವರ್ ಸಪ್ಲೈಗೆ ಕರೆಂಟ್ ಕೊಡುತ್ತಿದೆ ಎಂಬ ಲೆಕ್ಕ. ಅಲ್ಲಿ 0 ಹಾಕಿದರೆ ಯುಪಿಎಸ್‌ಮಾನ್ ಬರೀ ನೋಡುತ್ತದೆ, ಶಟ್‌ಡೌನ್ ಮಾಡುವುದಿಲ್ಲ.

6. ಪಾಸ್‌ವರ್ಡ್ ಇರುವ ಫೈಲ್‌ಗಳ ಒಡೆತನ ರೂಟ್, ಗುಂಪು ನಟ್, ಅನುಮತಿ 640 ಇರಲಿ. ಸರ್ವಿಸ್‌ಗಳನ್ನು ಮತ್ತೆ ಶುರುಮಾಡಿ, ಯುಪಿಎಸ್‌ಸಿ ಕಮಾಂಡ್‌ಗೆ ಯುಪಿಎಸ್ ಹೆಸರು ಕೊಟ್ಟು ಓಡಿಸಿ. ಬ್ಯಾಟರಿ ಚಾರ್ಜ್, ರನ್‌ಟೈಮ್ (ಇದು ಸೆಕೆಂಡ್‌ಗಳಲ್ಲಿ), ಲೋಡ್ ಎಲ್ಲಾ ಸಾಲಾಗಿ ಬಂದರೆ ಅರ್ಧ ಕೆಲಸ ಮುಗಿಯಿತು.

ಡ್ರೈವರ್ ಶುರುವಾಗುವುದಿಲ್ಲ, ‘ಕ್ಲೇಮ್ ಮಾಡಲಾಗುತ್ತಿಲ್ಲ’ ಅಥವಾ ‘ಅನುಮತಿ ಇಲ್ಲ’ ಎನ್ನುತ್ತದೆ.

ನೂರಕ್ಕೆ ತೊಂಬತ್ತು ಸಲ ಇದು ಯುಡೆವ್ (ಚುಚ್ಚಿದ ಸಾಧನಗಳಿಗೆ ಅನುಮತಿ ಕೊಡುವ ಲಿನಕ್ಸ್ ವ್ಯವಸ್ಥೆ) ಅನುಮತಿಯ ಗೊಂದಲ. ಪ್ಯಾಕೇಜ್ ಹಾಕುವ ಮೊದಲೇ ಯುಎಸ್‌ಬಿ ಚುಚ್ಚಿದ್ದರೆ ನಟ್‌ನ ನಿಯಮ ಆ ಸಾಧನಕ್ಕೆ ಅನ್ವಯವಾಗಿರುವುದಿಲ್ಲ. ಕೇಬಲ್ ಕಿತ್ತು ಮತ್ತೆ ಹಾಕಿ, ಡ್ರೈವರ್ ಮತ್ತೆ ಶುರುಮಾಡಿ. ಆಗಲೂ ಬಗ್ಗದಿದ್ದರೆ ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಕಮಾಂಡ್‌ನಲ್ಲಿ ಐಡಿ ನೋಡಿ (ಎಪಿಸಿ 051ಡಿ, ಸೈಬರ್‌ಪವರ್ 0764, ಈಟನ್ 0463), ಆ ಐಡಿಗೆ ಗುಂಪು ನಟ್, ಅನುಮತಿ 0660 ಎಂದು ನೀವೇ ಒಂದು ನಿಯಮ ಬರೆಯಿರಿ. ಡ್ರೈವರ್ ಅನ್ನು ರೂಟ್ ಆಗಿ ಓಡಿಸಿಬಿಡಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಕಾರಣ ಪತ್ತೆಗೆ ಐದು ನಿಮಿಷ ಹಾಗೆ ಮಾಡಿ, ಹಾಗೇ ಬಿಡಬೇಡಿ.

‘ಡೇಟಾ ಸ್ಟೇಲ್’ ಎಂದು ಆಗಾಗ ಬಂದು ಹೋಗುತ್ತದೆ. ಯಾಕೆ?

ಡ್ರೈವರ್‌ನಿಂದ 15 ಸೆಕೆಂಡು ಸುದ್ದಿ ಬರದಿದ್ದರೆ ಯುಪಿಎಸ್‌ಡಿ ಮಾಹಿತಿ ಹಳಸಿತು ಎಂದು ಸಾರುತ್ತದೆ. ದಿನಕ್ಕೆ ಒಂದೆರಡು ಸಲ ಬಂದು ತಾನೇ ಸರಿಹೋದರೆ ಯುಪಿಎಸ್‌ಡಿ ಡಾಟ್ ಕಾನ್ಫ್‌ನಲ್ಲಿ ಮ್ಯಾಕ್ಸ್‌ಏಜ್ 25, ಯುಪಿಎಸ್‌ಮಾನ್‌ನಲ್ಲಿ ಡೆಡ್‌ಟೈಮ್ ಕೂಡ 25 ಮಾಡಿ. ಯುಎಸ್‌ಬಿಹಿಡ್-ಯುಪಿಎಸ್ ಬಳಸುವವರು ಪೋಲ್‌ಓನ್ಲಿ ಎಂಬ ಪದವನ್ನು ಯುಪಿಎಸ್ ಡಾಟ್ ಕಾನ್ಫ್‌ಗೆ ಸೇರಿಸಿ ನೋಡಿ. ಇಂಟರಪ್ಟ್ ಸರಿಯಾಗಿ ಕಳಿಸದ ಯುಪಿಎಸ್‌ಗಳಿಗೆ ಇದು ಮದ್ದು. ಇಷ್ಟಾದರೂ ಬಿಡದಿದ್ದರೆ ಯುಎಸ್‌ಬಿ ಹಬ್ ತೆಗೆದು ನೇರ ಮದರ್‌ಬೋರ್ಡ್‌ಗೆ ಹಾಕಿ, ಆಟೋಸಸ್ಪೆಂಡ್ (ಯುಎಸ್‌ಬಿ ಸಾಧನವನ್ನು ತಾನೇ ಮಲಗಿಸುವ ಸೌಲಭ್ಯ) ಆಫ್ ಮಾಡಿ.

ಇದನ್ನು ಅಲಕ್ಷ್ಯ ಮಾಡುವಂತಿಲ್ಲ. ಬ್ಯಾಟರಿ ಮೇಲೆ ಓಡುತ್ತಿರುವಾಗ ಸಂಪರ್ಕ ಕಡಿದರೆ ಯುಪಿಎಸ್‌ಮಾನ್ ಕೆಟ್ಟದ್ದನ್ನೇ ಊಹಿಸಿ ಶಟ್‌ಡೌನ್ ಮಾಡುತ್ತದೆ. ಅದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿರುವುದು.

ಸ್ಟೇಟಸ್‌ನಲ್ಲಿ ಬರುವ ಅಕ್ಷರಗಳು ಏನು?

ಒಎಲ್ ಎಂದರೆ ಕರೆಂಟ್ ಇದೆ, ಒಬಿ ಎಂದರೆ ಬ್ಯಾಟರಿ ಮೇಲಿದೆ, ಎಲ್‌ಬಿ ಬ್ಯಾಟರಿ ಕಡಿಮೆ, ಆರ್‌ಬಿ ಬ್ಯಾಟರಿ ಬದಲಿಸಿ, ಎಫ್‌ಎಸ್‌ಡಿ ಬಲವಂತದ ಶಟ್‌ಡೌನ್ ಶುರುವಾಗಿದೆ. ಬೂಸ್ಟ್, ಟ್ರಿಮ್ ಕಂಡರೆ ಯುಪಿಎಸ್ ವೋಲ್ಟೇಜನ್ನು ಏರಿಸುತ್ತಿದೆ ಅಥವಾ ಇಳಿಸುತ್ತಿದೆ, ಗಾಬರಿ ಬೇಡ.

ಎಷ್ಟು ಹೊತ್ತಿನ ನಂತರ ಶಟ್‌ಡೌನ್ ಆಗಬೇಕು?

ಏನೂ ಮಾಡದಿದ್ದರೆ ಒಬಿ ಮತ್ತು ಎಲ್‌ಬಿ ಎರಡೂ ಒಟ್ಟಿಗೆ ಬಂದಾಗ ಮಾತ್ರ ಶಟ್‌ಡೌನ್. ತೊಂದರೆ ಏನೆಂದರೆ ಅಗ್ಗದ ಯುಪಿಎಸ್‌ಗಳು ಎಲ್‌ಬಿ ಕೂಗುವುದು ತೀರಾ ಕೊನೆಗೆ, ಹಳೆಯ ಬ್ಯಾಟರಿಯಲ್ಲಂತೂ ಕೂಗುವ ಮೊದಲೇ ಸತ್ತಿರುತ್ತವೆ. ಆದ್ದರಿಂದ ಮಿತಿಯನ್ನು ನೀವೇ ಹಾಕಿ. ಯುಪಿಎಸ್ ಡಾಟ್ ಕಾನ್ಫ್‌ನಲ್ಲಿ ಇಗ್ನೋರ್‌ಎಲ್‌ಬಿ ಎಂಬ ಪದ, ಅದರ ಕೆಳಗೆ ಓವರ್‌ರೈಡ್ ಡಾಟ್ ಬ್ಯಾಟರಿ ಡಾಟ್ ಚಾರ್ಜ್ ಡಾಟ್ ಲೋಗೆ 50, ಓವರ್‌ರೈಡ್ ಡಾಟ್ ಬ್ಯಾಟರಿ ಡಾಟ್ ರನ್‌ಟೈಮ್ ಡಾಟ್ ಲೋಗೆ 600. ಈಗ ಅರ್ಧ ಬ್ಯಾಟರಿ ಅಥವಾ ಹತ್ತು ನಿಮಿಷ, ಯಾವುದು ಮೊದಲೋ ಆಗ ಶಟ್‌ಡೌನ್.

ಚಾರ್ಜ್ ಅಂಕಿಯನ್ನೇ ನಂಬಲಾಗದ ಯುಪಿಎಸ್ ಆದರೆ ನಟ್‌ನ ಟೈಮರ್ ಸಾಧನ ಯುಪಿಎಸ್‌ಶೆಡ್ ಬಳಸಿ ಸಮಯದ ಮೇಲೆ ಕಟ್ಟಬಹುದು: ಆನ್‌ಬ್ಯಾಟ್ ಆದಾಗ 300 ಸೆಕೆಂಡಿನ ಟೈಮರ್ ಶುರು, ಆನ್‌ಲೈನ್ ಆದಾಗ ರದ್ದು, ಟೈಮರ್ ಮುಗಿದರೆ ಎಫ್‌ಎಸ್‌ಡಿ. ಇದರಲ್ಲಿ ಜನ ಎಡವುವುದು ಮೂರು ಕಡೆ. ಯುಪಿಎಸ್‌ಮಾನ್ ಡಾಟ್ ಕಾನ್ಫ್‌ನ ನೋಟಿಫೈಫ್ಲ್ಯಾಗ್ ಸಾಲುಗಳಿಗೆ ಎಕ್ಸೆಕ್ ಸೇರಿಸುವುದಿಲ್ಲ, ಸ್ಕ್ರಿಪ್ಟ್ ಕರೆಯೇ ಬರುವುದಿಲ್ಲ. ಪೈಪ್ ಮತ್ತು ಲಾಕ್ ಫೈಲ್‌ನ ಫೋಲ್ಡರ್‌ಗೆ ನಟ್ ಬಳಕೆದಾರ ಬರೆಯಲಾಗುವುದಿಲ್ಲ. ಯುಪಿಎಸ್‌ಶೆಡ್ ಡಾಟ್ ಕಾನ್ಫ್‌ನಲ್ಲಿ ಪೈಪ್, ಲಾಕ್ ಹೇಳುವ ಆ ಎರಡು ಸಾಲುಗಳನ್ನು, ಟೈಮರ್ ಹೇಳುವ ‘ಆಟ್’ ಪದದ ಸಾಲುಗಳ ಕೆಳಗೆ ಬರೆದಿರುತ್ತಾರೆ, ಅವು ಮೇಲೆ ಇರಬೇಕು.

ಕೊನೆಯ ಹನಿವರೆಗೂ ಓಡಿಸುವ ಆಸೆ ಬಿಡಿ. ಮನೆ ಸರ್ವರ್ ಅರ್ಧ ಗಂಟೆ ನಿಂತರೆ ಹೋಗುವುದೇನಿಲ್ಲ. ಮುಗಿದ ಬ್ಯಾಟರಿ ಪೂರ್ತಿ ತುಂಬಲು ಮಾತ್ರ ಹಲವು ಗಂಟೆ ಬೇಕು, ಅಷ್ಟರಲ್ಲಿ ಎರಡನೇ ಕಡಿತ ಬಂದರೆ ಕೈಯಲ್ಲಿ ಏನೂ ಇರುವುದಿಲ್ಲ.

ಶಟ್‌ಡೌನ್ ಸರಿಯಾಗಿ ಆಗುತ್ತದೆ. ಆದರೆ ಕರೆಂಟ್ ಬಂದರೂ ಸರ್ವರ್ ಆನ್ ಆಗುವುದಿಲ್ಲ.

ಎಲ್ಲರೂ ಬಿಟ್ಟುಬಿಡುವ ಅರ್ಧ ಇದು. ನಿಧಾನವಾಗಿ ಓದಿ.

ಮೊದಲು ಬಯೋಸ್‌ನಲ್ಲಿ ‘ಎಸಿ ಪವರ್ ಹೋಗಿ ಬಂದ ಮೇಲೆ ಏನು’ ಎಂಬರ್ಥದ ಆಯ್ಕೆ ಹುಡುಕಿ ‘ಪವರ್ ಆನ್’ ಮಾಡಿ. ‘ಲಾಸ್ಟ್ ಸ್ಟೇಟ್’ ಸಾಲದು: ಸರ್ವರ್ ಶಿಸ್ತಾಗಿ ಶಟ್‌ಡೌನ್ ಆಗಿದೆ, ಹಾಗಾಗಿ ಅದರ ಕೊನೆಯ ಸ್ಥಿತಿ ‘ಆಫ್’.

ಇಷ್ಟಕ್ಕೇ ಮುಗಿಯುವುದಿಲ್ಲ. ಸರ್ವರ್ ಶಟ್‌ಡೌನ್ ಆದ ಎರಡನೇ ನಿಮಿಷಕ್ಕೆ ಕರೆಂಟ್ ಬಂತು ಎಂದುಕೊಳ್ಳಿ. ಯುಪಿಎಸ್ ಒಂದು ಕ್ಷಣವೂ ನಿಂತಿಲ್ಲ, ಆದ್ದರಿಂದ ಸರ್ವರ್‌ನ ಪವರ್ ಸಪ್ಲೈಗೆ ಕರೆಂಟ್ ಹೋದದ್ದೇ ಗೊತ್ತಿಲ್ಲ. ‘ಹೋಗಿ ಬಂದ’ ಘಟನೆಯೇ ನಡೆಯದಿದ್ದರೆ ಬಯೋಸ್ ಯಾವುದಕ್ಕೆ ಆನ್ ಆಗಬೇಕು? ಹಾಗಾಗಿ ಶಟ್‌ಡೌನ್‌ನ ಕಟ್ಟಕಡೆಯ ಹಂತದಲ್ಲಿ ಸರ್ವರ್ ಯುಪಿಎಸ್‌ಗೆ ‘ಇನ್ನು 20 ಸೆಕೆಂಡಿಗೆ ಔಟ್‌ಪುಟ್ ಕಡಿ, ಕರೆಂಟ್ ಇದ್ದರೆ ಮತ್ತೆ ಕೊಡು’ ಎಂದು ಆಜ್ಞೆ ಕೊಟ್ಟು ಹೋಗಬೇಕು. ಕರೆಂಟ್ ಆಗಲೇ ಬಂದಿದ್ದರೂ ಯುಪಿಎಸ್ ಒಮ್ಮೆ ಆಫ್ ಆಗಿ ಆನ್ ಆಗುತ್ತದೆ, ಸರ್ವರ್ ಏಳುತ್ತದೆ.

ನಟ್‌ನಲ್ಲಿ ಇದನ್ನು ಮಾಡುವುದು ಯುಪಿಎಸ್‌ಮಾನ್ ಡಾಟ್ ಕಾನ್ಫ್‌ನ ಪವರ್‌ಡೌನ್‌ಫ್ಲ್ಯಾಗ್ ಸಾಲು. ಅದು ಹೇಳಿದ ಜಾಗದಲ್ಲಿ (ಸಾಮಾನ್ಯವಾಗಿ ಇಟಿಸಿ ಒಳಗೆ ಕಿಲ್‌ಪವರ್ ಎಂಬ ಫೈಲ್) ಗುರುತು ಇಡಲಾಗುತ್ತದೆ. ಸಿಸ್ಟಮ್‌ಡಿಯ ಸಿಸ್ಟಮ್-ಶಟ್‌ಡೌನ್ ಫೋಲ್ಡರ್‌ನಲ್ಲಿರುವ ನಟ್‌ಶಟ್‌ಡೌನ್ ಸ್ಕ್ರಿಪ್ಟ್ ಆ ಗುರುತು ನೋಡಿ ಯುಪಿಎಸ್‌ಡಿಆರ್‌ವಿಸಿಟಿಎಲ್ ಶಟ್‌ಡೌನ್ ಕರೆಯುತ್ತದೆ. ಸಾಲು ಕಾಮೆಂಟ್ ಆಗಿಲ್ಲ, ಸ್ಕ್ರಿಪ್ಟ್ ಇದೆ, ಅದಕ್ಕೆ ಓಡುವ ಅನುಮತಿ ಇದೆ ಎಂದು ಮೂರನ್ನೂ ಕಣ್ಣಾರೆ ನೋಡಿ.

ಸಮಯಗಳು ಯುಪಿಎಸ್ ಡಾಟ್ ಕಾನ್ಫ್‌ನ ಆಫ್‌ಡಿಲೇ ಮತ್ತು ಆನ್‌ಡಿಲೇಯಲ್ಲಿವೆ. ಯುಎಸ್‌ಬಿಹಿಡ್-ಯುಪಿಎಸ್‌ನಲ್ಲಿ ಡೀಫಾಲ್ಟ್ 20 ಮತ್ತು 30 ಸೆಕೆಂಡು. ಆನ್‌ಡಿಲೇ ಯಾವಾಗಲೂ ಆಫ್‌ಡಿಲೇಗಿಂತ ದೊಡ್ಡದಿರಬೇಕು. ಕೆಲವು ಮಾದರಿಗಳು 60ರ ಗುಣಕಗಳನ್ನೇ ಒಪ್ಪುತ್ತವೆ, ಅಂಥದ್ದಕ್ಕೆ 60 ಮತ್ತು 120 ಕೊಡಿ. ಯುಪಿಎಸ್‌ಆರ್‌ಡಬ್ಲ್ಯೂ ಕಮಾಂಡ್‌ನಲ್ಲಿ ಬ್ಯಾಟರಿ ಡಾಟ್ ಚಾರ್ಜ್ ಡಾಟ್ ರೀಸ್ಟಾರ್ಟ್ ಕಂಡರೆ ಅದನ್ನು 30ರ ಆಸುಪಾಸು ಇಡಿ. ಬ್ಯಾಟರಿ ಅಷ್ಟು ತುಂಬುವವರೆಗೆ ಯುಪಿಎಸ್ ಔಟ್‌ಪುಟ್ ಕೊಡುವುದಿಲ್ಲ, ಕರೆಂಟ್ ಬಂದು ಬಂದು ಹೋಗುವ ದಿನ ಸರ್ವರ್ ಬೂಟ್ ಮಧ್ಯೆ ಸಾಯುವುದು ತಪ್ಪುತ್ತದೆ.

ಒಂದೇ ಯುಪಿಎಸ್ ಮೇಲೆ ಎರಡು ಮೂರು ಯಂತ್ರ ಇವೆ.

ಯುಎಸ್‌ಬಿ ಚುಚ್ಚಿದ ಯಂತ್ರ ಪ್ರೈಮರಿ, ಉಳಿದವು ನೆಟ್‌ವರ್ಕ್ ಮೇಲೆ ಕೇಳುವ ಸೆಕೆಂಡರಿಗಳು. ಪ್ರೈಮರಿಯ ಯುಪಿಎಸ್‌ಡಿ ಡಾಟ್ ಕಾನ್ಫ್‌ನಲ್ಲಿ ಲಿಸನ್ ಸಾಲಿಗೆ ಅದರ ಐಪಿ ಮತ್ತು 3493, ಸೆಕೆಂಡರಿಗಳಲ್ಲಿ ಮೋಡ್ ನೆಟ್‌ಕ್ಲೈಂಟ್. ನೆಟ್‌ವರ್ಕ್ ಏಳುವ ಮೊದಲೇ ಯುಪಿಎಸ್‌ಡಿ ಶುರುವಾದರೆ ಆ ಐಪಿ ಇನ್ನೂ ಇಲ್ಲವೆಂದು ಬಿದ್ದುಹೋಗುತ್ತದೆ. ಲಿಸನ್‌ಗೆ 0.0.0.0 ಕೊಟ್ಟು ಫೈರ್‌ವಾಲ್‌ನಲ್ಲಿ ಮನೆ ನೆಟ್‌ವರ್ಕ್‌ಗಷ್ಟೇ ಬಿಡುವುದು ಸುಲಭ. ಸ್ವಿಚ್ ಕೂಡ ಯುಪಿಎಸ್ ಮೇಲೇ ಇರಬೇಕು, ಇಲ್ಲದಿದ್ದರೆ ಕರೆಂಟ್ ಹೋದ ಸುದ್ದಿಯೇ ಸೆಕೆಂಡರಿಗೆ ತಲುಪುವುದಿಲ್ಲ.

ಸಿನಾಲಜಿ ನ್ಯಾಸ್ (ನೆಟ್‌ವರ್ಕ್ ಮೇಲೆ ಫೈಲ್ ಇಡುವ ಡಬ್ಬ) ಅನ್ನು ಸೆಕೆಂಡರಿ ಮಾಡುವುದಾದರೆ ಅದು ಐಪಿ ಮಾತ್ರ ಕೇಳುತ್ತದೆ. ಯುಪಿಎಸ್ ಹೆಸರು ‘ಯುಪಿಎಸ್’, ಬಳಕೆದಾರ ‘ಮಾನ್‌ಯೂಸರ್’, ಪಾಸ್‌ವರ್ಡ್ ‘ಸೀಕ್ರೆಟ್’ ಎಂದು ಮೊದಲೇ ಒಳಗೆ ಬರೆದುಕೊಂಡಿರುತ್ತದೆ. ನಿಮ್ಮ ಪ್ರೈಮರಿಯಲ್ಲಿ ಅದೇ ಹೆಸರುಗಳು ಇರಬೇಕು.

ಹೋಸ್ಟ್‌ಸಿಂಕ್ (ಡೀಫಾಲ್ಟ್ 15 ಸೆಕೆಂಡು) ಸೆಕೆಂಡರಿಗಳು ಪೂರ್ತಿ ಆಫ್ ಆಗುವವರೆಗೆ ಕಾಯುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಲ್ಲ. ಸೆಕೆಂಡರಿ ಶಟ್‌ಡೌನ್ ಶುರುಮಾಡಿ ಸಂಪರ್ಕ ಕಡಿದುಕೊಂಡರೆ ಸಾಕು, ಪ್ರೈಮರಿ ಮುಂದೆ ಹೋಗುತ್ತದೆ. ನ್ಯಾಸ್ ಆಫ್ ಆಗಲು ಎರಡು ನಿಮಿಷ ತೆಗೆದುಕೊಳ್ಳುತ್ತದೆ ಎಂದರೆ ಪ್ರೈಮರಿಯ ಫೈನಲ್‌ಡಿಲೇಯನ್ನು (ತಾನು ಶಟ್‌ಡೌನ್ ಆಗುವ ಮೊದಲು ಕಾಯುವ ಸೆಕೆಂಡು) 120ಕ್ಕೆ ಏರಿಸಿ, ಇಲ್ಲವೇ ಆಫ್‌ಡಿಲೇ ಹೆಚ್ಚಿಸಿ. ಇಲ್ಲದಿದ್ದರೆ ಅದರ ಕಾಲಡಿಯ ಕರೆಂಟನ್ನು ನೀವೇ ಕಡಿದಂತೆ.

ವರ್ಚುವಲ್ ಮೆಷಿನ್, ಕಂಟೇನರ್‌ಗಳಿವೆ. ನಟ್ ಎಲ್ಲಿ ಹಾಕಬೇಕು?

ಹೋಸ್ಟ್‌ನಲ್ಲಿ, ಅಂದರೆ ಅವನ್ನು ಓಡಿಸುವ ನಿಜವಾದ ಯಂತ್ರದಲ್ಲಿ. ಗೆಸ್ಟ್ (ವರ್ಚುವಲ್ ಮೆಷಿನ್) ಒಳಗೆ ಯುಎಸ್‌ಬಿ ಕಳಿಸಿದರೆ ಕೊನೆಗೆ ಹೋಸ್ಟನ್ನು ಆಫ್ ಮಾಡುವವರು ಯಾರು? ಹೋಸ್ಟ್ ಹೇಳಿದಾಗ ಗೆಸ್ಟ್‌ಗಳು ಸರಿಯಾಗಿ ಮುಚ್ಚಲು ಅವುಗಳಲ್ಲಿ ಕ್ಯೂಇಎಂಯು ಗೆಸ್ಟ್ ಏಜೆಂಟ್ ಹಾಕಿ. ಮಾಮೂಲಿ ಶಟ್‌ಡೌನ್‌ಗೆ ಒಟ್ಟು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ನೋಡಿ, ಮೇಲಿನ ಹತ್ತು ನಿಮಿಷದ ಮಿತಿ ಅದಕ್ಕಿಂತ ಎರಡು ಪಟ್ಟಾದರೂ ಇರಲಿ. ಡಾಕರ್ ಕಂಟೇನರ್‌ಗಳಿಗೆ ನಿಲ್ಲಲು 10 ಸೆಕೆಂಡು ಮಾತ್ರ ಕೊಟ್ಟು ಆಮೇಲೆ ಕೊಲ್ಲುತ್ತದೆ. ಡೇಟಾಬೇಸ್ ಕಂಟೇನರ್‌ಗಳಿಗೆ ಆ ಅವಧಿಯನ್ನು 60 ಮಾಡಿ.

ನನ್ನದು ಡೇಟಾ ಪೋರ್ಟ್ ಇಲ್ಲದ ದೊಡ್ಡ ಇನ್ವರ್ಟರ್. ಏನೂ ಮಾಡಲಾಗದೇ?

ಮಾಡಬಹುದು, ಸುತ್ತುದಾರಿಯಲ್ಲಿ. ಇನ್ವರ್ಟರ್ ಲೈನಿಗೆ ಸೇರದ ಸಾಕೆಟ್‌ಗಳಲ್ಲಿ ಎರಡು ಸಣ್ಣ ನೆಟ್‌ವರ್ಕ್ ಸಾಧನ ಇಡಿ (ವೈಫೈ ಪ್ಲಗ್ ಆದರೂ ಸರಿ). ಸರ್ವರ್ ಪ್ರತಿ 30 ಸೆಕೆಂಡಿಗೆ ಎರಡನ್ನೂ ಪಿಂಗ್ ಮಾಡಲಿ. ಎರಡೂ ಉತ್ತರಿಸದೆ, ರೂಟರ್ ಮಾತ್ರ ಉತ್ತರಿಸುತ್ತಿದ್ದರೆ ಕರೆಂಟ್ ಹೋಗಿದೆ. ಒಂದೇ ಸಾಧನ ನಂಬಿದರೆ ಅದು ಹ್ಯಾಂಗ್ ಆದ ದಿನ ಸರ್ವರ್ ಸುಮ್ಮನೆ ಮಲಗುತ್ತದೆ. ಬ್ಯಾಟರಿ ಎಷ್ಟಿದೆ ಎಂದು ತಿಳಿಯದ ಕಾರಣ ಸಮಯವೇ ಗತಿ: ಇನ್ವರ್ಟರ್ ಸಲೀಸಾಗಿ ಎರಡು ಗಂಟೆ ಬರುತ್ತದೆ ಎಂದರೆ 45 ನಿಮಿಷಕ್ಕೆ ಶಟ್‌ಡೌನ್. ಮತ್ತೆ ಏಳಿಸಲು ಇನ್ವರ್ಟರ್ ಮೇಲೇ ಇರುವ ರಾಸ್ಪ್‌ಬೆರಿ ಪೈಯಂಥ ಸಣ್ಣ ಯಂತ್ರ ಅದೇ ಪಿಂಗ್ ನೋಡುತ್ತಾ, ಕರೆಂಟ್ ಬಂದು ಐದು ನಿಮಿಷ ನಿಂತ ಮೇಲೆ ವೇಕ್-ಆನ್-ಲ್ಯಾನ್ (ನೆಟ್‌ವರ್ಕ್ ಮೂಲಕ ಯಂತ್ರ ಆನ್ ಮಾಡುವ ಸಂದೇಶ) ಕಳಿಸಲಿ. ಕರೆಂಟ್ ಹೋದಾಗ ಸರ್ವರ್ ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರ್ ನಿಧಾನವಾಗಿ ಬದಲಾಗುತ್ತಿದೆ ಎಂದರ್ಥ. ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೆ ಹಾಕಿ.

ಪರೀಕ್ಷೆ ಹೇಗೆ?

ಮೊದಲ ಸುತ್ತಿಗೆ ಯುಪಿಎಸ್‌ಮಾನ್ ಡಾಟ್ ಕಾನ್ಫ್‌ನ ಶಟ್‌ಡೌನ್‌ಸಿಎಂಡಿ ಜಾಗದಲ್ಲಿ ಲಾಗರ್ ಕಮಾಂಡ್ (ಲಾಗ್‌ಗೆ ಒಂದು ಸಾಲು ಬರೆಯುತ್ತದೆ, ಅಷ್ಟೆ) ಹಾಕಿ, ಪವರ್‌ಡೌನ್‌ಫ್ಲ್ಯಾಗ್ ಸಾಲನ್ನು ಕಾಮೆಂಟ್ ಮಾಡಿ ಯುಪಿಎಸ್‌ಮಾನ್ ರೀಸ್ಟಾರ್ಟ್ ಮಾಡಿ. ಯುಪಿಎಸ್‌ನ ಗೋಡೆ ಸಾಕೆಟ್ ಸ್ವಿಚ್ ಆಫ್ ಮಾಡಿ. ಪ್ಲಗ್ ಕೀಳಬೇಡಿ, ಕಿತ್ತರೆ ಅರ್ಥಿಂಗ್ ಕೂಡ ಹೋಗುತ್ತದೆ. ಲಾಗ್‌ನಲ್ಲಿ ಆನ್‌ಬ್ಯಾಟ್, ಸ್ವಿಚ್ ಮತ್ತೆ ಹಾಕಿದ ನಂತರ ಆನ್‌ಲೈನ್ ಬರಬೇಕು.

ಎರಡನೇ ಸುತ್ತಿಗೆ ಎರಡನ್ನೂ ವಾಪಸ್ ಮೊದಲಿನಂತೆ ಮಾಡಿ, ಕೆಲಸಗಳನ್ನೆಲ್ಲ ನಿಲ್ಲಿಸಿ, ಯುಪಿಎಸ್‌ಮಾನ್‌ಗೆ ಸಿ ಆಯ್ಕೆಯಲ್ಲಿ ಎಫ್‌ಎಸ್‌ಡಿ ಕೊಡಿ. ಕರೆಂಟ್ ಇರುವಾಗಲೇ ಇಡೀ ನಾಟಕ ನಡೆಯುತ್ತದೆ: ಸರ್ವರ್ ಮುಚ್ಚುತ್ತದೆ, ಸ್ವಲ್ಪ ಹೊತ್ತಿಗೆ ಯುಪಿಎಸ್ ರಿಲೇ ಕಟ್ ಎನ್ನುತ್ತದೆ, ಲೋಡ್ ಹೋಗುತ್ತದೆ, ಮತ್ತೊಂದು ಕಟ್, ಸರ್ವರ್ ಫ್ಯಾನ್ ತಿರುಗುತ್ತದೆ. ಆ ಎರಡು ಸದ್ದು ಕೇಳದಿದ್ದರೆ ಪವರ್‌ಡೌನ್‌ಫ್ಲ್ಯಾಗ್ ಪ್ರಶ್ನೆಗೆ ವಾಪಸ್ ಹೋಗಿ.

ಮೂರನೆಯದು ನಿಜವಾದದ್ದು, ಸ್ವಿಚ್ ಆಫ್ ಮಾಡಿ ಮಿತಿ ಮುಟ್ಟುವವರೆಗೆ ಬಿಡುವುದು. ವರ್ಷಕ್ಕೆ ಒಂದೆರಡು ಸಲ ಸಾಕು. ಆಳಕ್ಕೆ ಖಾಲಿಯಾಗುವುದು ಲೆಡ್-ಆಸಿಡ್ ಬ್ಯಾಟರಿಗೆ ಒಳ್ಳೆಯದಲ್ಲ.

ಕರೆಂಟ್ ಹೋದಾಗ ಫೋನಿಗೆ ಸಂದೇಶ ಬರುವುದಿಲ್ಲ.

ರೂಟರ್ ಮತ್ತು ಫೈಬರ್ ಡಬ್ಬ ಯುಪಿಎಸ್ ಮೇಲಿವೆಯೇ ನೋಡಿ. ಎರಡೂ ಸೇರಿ ಸಾಮಾನ್ಯವಾಗಿ 20 ವಾಟ್ ಒಳಗೇ. ಗ್ರಾಫ್ ಬೇಕಿದ್ದವರಿಗೆ ಹೋಮ್ ಅಸಿಸ್ಟೆಂಟ್‌ನಲ್ಲಿ ನಟ್ ಇಂಟಿಗ್ರೇಶನ್ ಸಿದ್ಧವಾಗಿದೆ. ಗ್ರಾಫ್ ಬೇಡ, ಲೆಕ್ಕ ಸಾಕು ಎನ್ನುವವರಿಗೆ ನಟ್ ಜೊತೆಗೇ ಬರುವ ಯುಪಿಎಸ್‌ಲಾಗ್ ಒಂದು ಫೈಲಿಗೆ ಬರೆಯುತ್ತಾ ಹೋಗುತ್ತದೆ.

ಚಾರ್ಜ್ 100 ಎನ್ನುತ್ತದೆ, ಕರೆಂಟ್ ಹೋದರೆ ಎರಡೇ ನಿಮಿಷಕ್ಕೆ ಆಫ್. ಯಾವಾಗ ಬ್ಯಾಟರಿ ಬದಲಿಸಬೇಕು?

ಈಗ. ಬ್ಯಾಟರಿ ತುಂಬಿದೆ ಎಂದಷ್ಟೇ ಆ 100 ಹೇಳುತ್ತದೆ, ಅದರ ಹೊಟ್ಟೆ ಎಷ್ಟು ಕುಗ್ಗಿದೆ ಎಂದಲ್ಲ. ಸೀಲ್ಡ್ ಲೆಡ್-ಆಸಿಡ್ ಬ್ಯಾಟರಿ ಮೂರರಿಂದ ಐದು ವರ್ಷ ಬರುತ್ತದೆ, ಅದೂ 25 ಡಿಗ್ರಿ ಆಸುಪಾಸಿನಲ್ಲಿ. ಹತ್ತು ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧ. ಹಾಗಾಗಿ ಯುಪಿಎಸ್ ಅನ್ನು ಸರ್ವರ್‌ನ ಬಿಸಿಗಾಳಿ ಬರುವ ಹಿಂಬದಿಗೆ ತುರುಕಬೇಡಿ. ತಿಂಗಳಿಗೊಮ್ಮೆ ಯುಪಿಎಸ್‌ಸಿಎಂಡಿ ಮೂಲಕ ಟೆಸ್ಟ್ ಡಾಟ್ ಬ್ಯಾಟರಿ ಡಾಟ್ ಸ್ಟಾರ್ಟ್ ಡಾಟ್ ಕ್ವಿಕ್ ಕೊಡಿ. ಅದಕ್ಕೆ ಯುಪಿಎಸ್‌ಡಿ ಡಾಟ್ ಯೂಸರ್ಸ್‌ನಲ್ಲಿ ಆ ಬಳಕೆದಾರನಿಗೆ ಇನ್‌ಸ್ಟ್‌ಸಿಎಂಡಿಎಸ್ ಅನುಮತಿ ಇರಬೇಕು.

ಬದಲಿಸುವಾಗ ವೋಲ್ಟೇಜ್, ಅಳತೆ ಮಾತ್ರವಲ್ಲ, ಟರ್ಮಿನಲ್ ಅಗಲವನ್ನೂ ನೋಡಿ. ಎಫ್1 4.8 ಮಿಲಿಮೀಟರ್, ಎಫ್2 6.3. ಎಫ್1ಕ್ಕೆ ಎಫ್2ರ ಕನೆಕ್ಟರ್ ಸಡಿಲವಾಗಿ ಕೂತು ಬಿಸಿಯಾಗುತ್ತದೆ. ಒಳಗೆ ಎರಡು ಬ್ಯಾಟರಿ ಇದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ.

ಹೊಸ ಬ್ಯಾಟರಿ ಹಾಕಿದೆ, ಆರ್‌ಬಿ ಇನ್ನೂ ಹೋಗಿಲ್ಲ.

ಪೂರ್ತಿ ಒಂದು ದಿನ ಚಾರ್ಜ್ ಆಗಲು ಬಿಟ್ಟು ಆಮೇಲೆ ಕ್ವಿಕ್ ಟೆಸ್ಟ್ ಓಡಿಸಿ. ಹೆಚ್ಚಿನ ಯುಪಿಎಸ್‌ಗಳು ಟೆಸ್ಟ್ ಪಾಸಾದ ಮೇಲೆ ಮಾತ್ರ ಆ ಗುರುತು ತೆಗೆಯುತ್ತವೆ. ರನ್‌ಟೈಮ್ ಅಂಕಿ ಹಳೆಯ ಬ್ಯಾಟರಿಯದ್ದೇ ಉಳಿದಿದ್ದರೆ, ಯುಪಿಎಸ್‌ಸಿಎಂಡಿ ಪಟ್ಟಿಯಲ್ಲಿ ಕ್ಯಾಲಿಬ್ರೇಟ್ ಡಾಟ್ ಸ್ಟಾರ್ಟ್ ಇದೆಯೇ ನೋಡಿ ಒಮ್ಮೆ ಓಡಿಸಿ. ಬದಲಿಸಿದ ತಿಂಗಳು, ವರ್ಷವನ್ನು ಯುಪಿಎಸ್ ಬೆನ್ನಿಗೆ ಮಾರ್ಕರ್‌ನಲ್ಲಿ ಬರೆದುಬಿಡಿ. ಬ್ಯಾಟರಿ ಡಾಟ್ ಡೇಟ್ ಎಂಬ ಸಾಲಿನಲ್ಲಿ ಯುಪಿಎಸ್ ತೋರಿಸುವುದು ಎಷ್ಟೋ ಸಲ ಕಾರ್ಖಾನೆಯ ತಾರೀಖು.